ಬಾಗಿಲ ಮೇಲೂ ಬದುಕುವ ಲೋಳೆಸರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಲೋಳೆಸರಕ್ಕೆ ಎರಡು ಠಿಕಾಣಿ: ಅಂಗಳದ ಕುಂಡ, ಇಲ್ಲವೇ ತಲೆಬಾಗಿಲ ನೆತ್ತಿ. ಕೆಟ್ಟ ದೃಷ್ಟಿ ತಾಗದಿರಲೆಂದು ಬೇರುಸಮೇತ ಕಿತ್ತ ಗಿಡವನ್ನು ತಲೆಕೆಳಗಾಗಿ ಬಾಗಿಲಿಗೆ ಕಟ್ಟುವ ರೂಢಿ ಈ ಸೀಮೆಯಲ್ಲಿದೆ. ಮಣ್ಣಿಲ್ಲ, ನೀರಿಲ್ಲ, ಆದರೂ ಗಿಡ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ದಿನ ಕಳೆದಂತೆ ಕೆಳಮುಖವಾಗಿದ್ದ ಸುಳಿ ಬಾಗಿ ಮೇಲಕ್ಕೆ ತಿರುಗುತ್ತದೆ. ಹೊರಸುತ್ತಿನ ಹಳೆಯ ಎಲೆಗಳು ಒಂದೊಂದಾಗಿ ಸೊರಗುತ್ತ ತಮ್ಮಲ್ಲಿದ್ದ ನೀರನ್ನು ಎಳೆಯ ಎಲೆಗಳಿಗೆ ಬಿಟ್ಟುಕೊಡುತ್ತವೆ. ದೃಷ್ಟಿಯ ಮಾತು ನಂಬುವವರಿಗೆ ಬಿಟ್ಟದ್ದು. ಗಿಡದ ಗಟ್ಟಿತನಕ್ಕಂತೂ ಬೇರೆ ಪುರಾವೆ ಬೇಕಿಲ್ಲ.

ಇದರ ಮೂಲ ಅರೇಬಿಯಾದ ಒಣ ಬೆಟ್ಟಸೀಮೆ. ಬಹುತೇಕ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಉಸಿರಾಡುತ್ತ ನೀರು ಕಳೆದುಕೊಂಡರೆ, ಲೋಳೆಸರ ಹಗಲು ಅವನ್ನು ಮುಚ್ಚಿ ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಆಗ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಮರುದಿನದ ಬಿಸಿಲಲ್ಲಿ ಆಹಾರ ತಯಾರಿಸಲು ಬಳಸುತ್ತದೆ. ಎಲೆಯೊಳಗಿನ ಲೋಳೆಯಲ್ಲಿ ನೂರಕ್ಕೆ 98ರಷ್ಟು ನೀರೇ. ಮೇಲಿನ ಮೇಣದಂಥ ದಪ್ಪ ಸಿಪ್ಪೆ ಅದನ್ನು ಆರಗೊಡುವುದಿಲ್ಲ.

ಇಂಥ ಗಿಡ ಬರಕ್ಕಿಂತ ಆರೈಕೆಗೆ ಸಾಯುವುದೇ ಹೆಚ್ಚು. ಅದರಲ್ಲೂ ಮಣ್ಣು ನೋಡದೆ ಹಚ್ಚಿದವರ ಮನೆಯಲ್ಲಿ. ಎರೆಮಣ್ಣು ಜೋಳ, ಕಡಲೆಗೆ ಬಂಗಾರವಾದರೂ ಕುಂಡದಲ್ಲಿ ಲೋಳೆಸರಕ್ಕೆ ಶತ್ರು. ನೀರು ಹಿಡಿದು ಜಿಗುಟಾಗುತ್ತದೆ, ಬೇರಿಗೆ ಗಾಳಿಯಾಡದೆ ಕೊಳೆಯುತ್ತದೆ. ತುಂಗಭದ್ರಾ ಕಾಲುವೆಯ ಗಂಗಾವತಿ ಕಡೆಯ ಭತ್ತದ ಗದ್ದೆಯ ಮಣ್ಣೂ ಇದಕ್ಕೆ ಆಗಿಬರುವುದಿಲ್ಲ. ಕೆಂಪು ಮಸಾರಿ ಮಣ್ಣು ಸಿಕ್ಕರೆ ಅದೇ ಸರಿ: ಎರಡು ಪಾಲು ಮಸಾರಿ, ಒಂದು ಪಾಲು ದಪ್ಪ ಉಸುಕು ಅಥವಾ ಸಣ್ಣ ಜಲ್ಲಿ, ಅರ್ಧ ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಎರೆಮಣ್ಣು ಬಿಟ್ಟು ಬೇರೆ ಇಲ್ಲದಿದ್ದರೆ ಉಸುಕು, ಜಲ್ಲಿಯ ಪಾಲನ್ನೇ ಹೆಚ್ಚಿಸಬೇಕು. ಕುಂಡ ಆಳಕ್ಕಿಂತ ಅಗಲವಾಗಿರಲಿ. ಹಳೆಯ ಪೇಂಟ್ ಡಬ್ಬಿಯೂ ನಡೆಯುತ್ತದೆ, ತಳದಲ್ಲಿ ನಾಲ್ಕಾರು ತೂತು ಇದ್ದರೆ.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿದಾಗ ತೇವ ತಾಗಿದರೆ ನೀರು ಬೇಡ. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಚಳಿಗಾಲದಲ್ಲಿ ಎರಡು-ಮೂರು ವಾರಕ್ಕೊಮ್ಮೆ ಸಾಕು. ಬೋರ್‌ವೆಲ್ ನೀರಿನ ಉಪ್ಪು ಕುಂಡದ ಅಂಚಿಗೆ ಬಿಳಿ ಪುಡಿಯಾಗಿ ಕೂರುತ್ತದೆ. ಮಳೆನೀರು ತುಂಬಿ ಹರಿಯುವಂತೆ ಒಮ್ಮೆ ಹಾಕಿದರೆ ತೊಳೆದುಹೋಗುತ್ತದೆ. ನೆರಳಲ್ಲಿದ್ದ ಗಿಡವನ್ನು ಏಪ್ರಿಲ್–ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಏಕಾಏಕಿ ತಂದಿಟ್ಟರೆ ಎಲೆ ಕಂದುಗೆಂಪಾಗುತ್ತದೆ. ಹೆದರಬೇಕಿಲ್ಲ, ಮಧ್ಯಾಹ್ನದ ನೆರಳು ಸಿಕ್ಕರೆ ಮತ್ತೆ ಹಸಿರಾಗುತ್ತದೆ. ಎಲೆ ತೆಳುವಾಗಿ ಒಳಕ್ಕೆ ಸುರುಳಿಗೊಂಡರೆ ಬಾಯಾರಿಕೆ; ಬುಡದಲ್ಲಿ ಮೆತ್ತಗಾಗಿ ನೀರುಗಟ್ಟಿದರೆ ಕೊಳೆ. ಬಿಳಿ ಹಿಟ್ಟು ತಿಗಣೆ ಎಲೆಸಂದಿಯಲ್ಲಿ ಕಂಡರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಆಯಿತು.

ಗಿಡ ಹೆಚ್ಚಿಸುವ ವಿಷಯದಲ್ಲಿ ಬಹಳ ಜನ ಎಡವುವುದು ಎಲೆ ನೆಡುವುದರಲ್ಲಿ. ಕಾಡುಬಸಳೆಯ ಎಲೆಯಂಚಿನಲ್ಲಿ ಮರಿ ಮೂಡುತ್ತವೆ, ನಿಜ. ಲೋಳೆಸರದ ಎಲೆಯಲ್ಲಿ ಮೊಗ್ಗು ಇಲ್ಲ; ಮಣ್ಣಲ್ಲಿ ಊರಿದರೆ ಸುಕ್ಕುಗಟ್ಟಿ ಕೊಳೆಯುತ್ತದೆ. ಬೀಜವೂ ಅಪರೂಪ. ಇರುವ ದಾರಿ ಬುಡದ ಸುತ್ತ ಏಳುವ ಮರಿಗಳು. ನಾಲ್ಕೈದು ಎಲೆ ಬಂದು ಗೇಣುದ್ದ ಬೆಳೆದ ಮೇಲೆ ತಾಯಿಗಿಡವನ್ನು ಕುಂಡದಿಂದ ಹೊರತೆಗೆದು ಮಣ್ಣು ಕೊಡವಬೇಕು. ತಾಯಿ–ಮರಿಗಳ ನಡುವೆ ಬೆರಳು ದಪ್ಪದ ಬೆಳ್ಳಗಿನ ಕಾಂಡ ಕಾಣುತ್ತದೆ. ಮರಿಯ ಕಡೆ ಒಂದಿಷ್ಟು ಬೇರು ಉಳಿಯುವಂತೆ ಶುಚಿಯಾದ ಚಾಕುವಿನಿಂದ ಅಲ್ಲಿ ಕತ್ತರಿಸಬೇಕು. ಕೂಡಲೇ ನೆಡಬಾರದು. ಎರಡು-ಮೂರು ದಿನ ನೆರಳಲ್ಲಿಟ್ಟು, ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಎಲೆಬುಡ ಮುಚ್ಚದಂತೆ ನೆಟ್ಟು, ವಾರದವರೆಗೆ ನೀರು ಹಾಕದಿದ್ದರೆ ಒಳ್ಳೆಯದು. ಮುಂಗಾರಿನ ಆರಂಭ ಇದಕ್ಕೆ ಹದವಾದ ಕಾಲ. ಬುಡ ಕೊಳೆತ ಹಳೆಯ ಗಿಡವನ್ನೂ ಎಸೆಯಬೇಕಿಲ್ಲ: ಕೊಳೆತದ್ದನ್ನೆಲ್ಲ ಕತ್ತರಿಸಿ, ಗಟ್ಟಿಕಾಂಡ ಉಳಿದ ತಲೆಭಾಗವನ್ನು ಹೀಗೇ ಒಣಗಿಸಿ ನೆಟ್ಟರೆ ಬೇರೊಡೆಯುತ್ತದೆ.

ಹೊಲದ ಬದುವಿನಲ್ಲಿ ಬೇಲಿಯಾಗಿ ನಿಂತ ಕತ್ತಾಳೆಯನ್ನು ಲೋಳೆಸರವೆಂದು ತಂದು ಹಚ್ಚುವವರೂ ಇದ್ದಾರೆ. ಕತ್ತಾಳೆಯ ಎಲೆ ಮುರಿಯದೆ ನಾರುನಾರಾಗುತ್ತದೆ, ತುದಿಯಲ್ಲಿ ಗಟ್ಟಿಮುಳ್ಳು ಇರುತ್ತದೆ, ರಸ ತಾಗಿದರೆ ಮೈ ಕೆರೆತ. ಲೋಳೆಸರದ ಎಲೆ ಸಲೀಸಾಗಿ ತುಂಡಾಗಿ ತಿಳಿಲೋಳೆ ತೋರಿಸುತ್ತದೆ.

ಕೊಯ್ಯುವಾಗ ಬುಡದ ಹಳೆಯ ಎಲೆಯನ್ನೇ ಆರಿಸಿ, ಕೊಯ್ದ ತುದಿ ಕೆಳಗಾಗಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಿಪ್ಪೆಯಡಿಯ ಹಳದಿ ಕಹಿರಸ ಇಳಿದುಹೋಗುತ್ತದೆ. ಈ ರಸ ಬಲವಾದ ಭೇದಿಕಾರಕ. ಇದನ್ನು ಬಳಸಿದ ಭೇದಿಮದ್ದುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಅಮೆರಿಕ 2002ರಲ್ಲಿ ತಡೆಯಿತು. ಗರ್ಭಿಣಿಯರಿಗೆ, ಮಕ್ಕಳಿಗೆ ಇದು ಹೊಟ್ಟೆಗೆ ಹೋಗಬಾರದು. ಸಾಕುನಾಯಿ, ಬೆಕ್ಕುಗಳು ಗಿಡ ಕಚ್ಚದಂತೆಯೂ ನೋಡಿಕೊಳ್ಳಬೇಕು.