ಅಪ್ಪನ ನೌಕರಿ ಮಕ್ಕಳಿಗೆ ಬರುತ್ತದೆಯೇ?

ಪ್ರಶ್ನೆ: ತಂದೆ ಸರ್ಕಾರಿ ನೌಕರರಾಗಿದ್ದರೆ ಮಕ್ಕಳಿಗೂ ಕೆಲಸ ಸಿಗುತ್ತದೆಯೇ?
– ಓದುಗರೊಬ್ಬರು, ವಿದ್ಯಾರಣ್ಯಪುರಂ, ಮೈಸೂರು

ಉತ್ತರ: ಹಕ್ಕೆಂದು ಸಿಗುವುದಿಲ್ಲ. ಶಾನುಭೋಗ, ಪಟೇಲರ ವಂಶಪಾರಂಪರ್ಯ ಹುದ್ದೆಗಳೇ 1963ರಲ್ಲಿ ರದ್ದಾದವು. ನೌಕರರು ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಅವರನ್ನೇ ನಂಬಿದ್ದ ಕುಟುಂಬ 1996ರ ನಿಯಮಗಳಡಿ ಅನುಕಂಪದ ನೇಮಕಾತಿ ಕೋರಬಹುದು. ಸಾಮಾನ್ಯವಾಗಿ ವರ್ಷದೊಳಗೆ ಅರ್ಜಿ ಹಾಕಬೇಕು. ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿದ್ದ ಷರತ್ತನ್ನು ಹೈಕೋರ್ಟ್ 2020ರಲ್ಲಿ ತೆಗೆದುಹಾಕಿತು. ಎಂದೋ ಆಗಬೇಕಿದ್ದ ನ್ಯಾಯ ಅದು.

ಆದರೆ ನಿಯಮದಲ್ಲಿ ಬರೆಯದ ಅನುಕೂಲವೇ ದೊಡ್ಡದು. ತಿಂಗಳ ಸಂಬಳದ ಮನೆಯ ಮಕ್ಕಳು ಕೋಚಿಂಗಿಗೆ ಹೋಗಿ, ಪರೀಕ್ಷೆ ಬರೆಯುತ್ತಾ ಕಾಯಬಲ್ಲರು. ಅರ್ಜಿ ಕರೆದದ್ದು ಮನೆಯಲ್ಲೇ ತಿಳಿಯುತ್ತದೆ. ಗಾರೆ ಕೆಲಸದವರ, ಅಗರಬತ್ತಿ ಹೊಸೆಯುವವರ ಎಷ್ಟೋ ಮಕ್ಕಳು ಪಿಯುಸಿ ಮುಗಿಸಿದೊಡನೆ ದುಡಿಮೆಗಿಳಿಯಬೇಕು. ಅಂಥವರು ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಮುಕ್ತ ವಿಶ್ವವಿದ್ಯಾನಿಲಯದ ಸ್ಪರ್ಧಾತ್ಮಕ ಪರೀಕ್ಷಾ ತರಬೇತಿ ಕೇಂದ್ರದಲ್ಲಿ ವಿಚಾರಿಸಲಿ.