ನೌಕರರ ವೇತನವೂ ಪೌರರ ಬಾಕಿಯೂ

ಆಯವ್ಯಯದ ಕಾಲ ಬಂದಿತೆಂದರೆ ನಮ್ಮ ನಗರಸಭೆಗಳ ಮುಂದೆ ಎರಡು ಪತ್ರಗಳು ಬರುವುದು ವಾಡಿಕೆ. ಒಂದರಲ್ಲಿ ನೌಕರರು ತಮ್ಮ ವೇತನವನ್ನು ಹೆಚ್ಚಿಸಬೇಕೆಂದು ಪ್ರಾರ್ಥಿಸಿರುವರು; ಇನ್ನೊಂದರಲ್ಲಿ ವಸೂಲಾಗದೆ ಉಳಿದ ಮನೆಗಂದಾಯದ ಪಟ್ಟಿಯಿರುವುದು. ಮೊದಲನೆಯ ಪತ್ರದ ಮೇಲೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಹಣವೆಲ್ಲಿದೆಯೆಂಬ ಪ್ರಶ್ನೆ ಏಳುತ್ತದೆ. ಕಡೆಗೆ ‘ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು’ ಎಂಬ ಗಾದೆಯನ್ನು ನುಡಿದು ವಿಷಯವನ್ನು ಮುಂದಕ್ಕೆ ಹಾಕುತ್ತಾರೆ. ಎರಡನೆಯ ಪತ್ರವನ್ನು ಓದಿ, ದಾಖಲೆ ಮಾಡಿ, ಕಟ್ಟಿಡುತ್ತಾರೆ. ಇವೆರಡೂ ಬೇರೆ ಬೇರೆ ವಿಷಯಗಳಲ್ಲ, ಒಂದೇ ಲೆಕ್ಕದ ಜಮೆ ಮತ್ತು ಖರ್ಚು ಎಂಬುದನ್ನು ವಾಚಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ. ಹಾಸಿಗೆ ಚಿಕ್ಕದಾಗಿದೆಯೆಂದು ಹೇಳುವವರು ಅದನ್ನು ಕತ್ತರಿಸಿದವರು ಯಾರೆಂಬುದನ್ನೂ ಹೇಳಬೇಕಷ್ಟೆ?

ಈ ಪ್ರಶ್ನೆಯು ಕೇವಲ ತರ್ಕದ ಪ್ರಶ್ನೆಯಲ್ಲವೆಂಬುದಕ್ಕೆ ಕರ್ನಾಟಕದ ಅನುಭವವೇ ಸಾಕ್ಷಿ. ರಾಜ್ಯದ ಏಳನೆಯ ವೇತನ ಆಯೋಗವು 2024ರ ಮಾರ್ಚಿಯಲ್ಲಿ ವರದಿ ಕೊಟ್ಟಿತು. ಅದೇ ವರ್ಷದ ಆಗಸ್ಟ್ 1ರಿಂದ ಪರಿಷ್ಕೃತ ವೇತನ ಜಾರಿಗೆ ಬಂದು, ಸರ್ಕಾರಿ ನೌಕರನ ಕನಿಷ್ಠ ಮೂಲವೇತನವು 17,000 ರೂಪಾಯಿಗಳಿಂದ 27,000 ರೂಪಾಯಿಗಳಿಗೆ ಏರಿತು. ಸರ್ಕಾರದ ಕಚೇರಿಯ ಗುಮಾಸ್ತನಿಗೆ ಆಯೋಗದ ಫಲವನ್ನು ಕೊಡುವುದು ರಾಜ್ಯದ ಬೊಕ್ಕಸ. ಆದರೆ ಅದೇ ಬೀದಿಯ ಆಚೆಯ ಬದಿಯಲ್ಲಿರುವ ಪಾಲಿಕೆಯ ಗುಮಾಸ್ತನಿಗೆ ಅದು ಯಾರ ಹಣದಿಂದ ಬರಬೇಕು? 2025ರ ಜುಲೈ ತಿಂಗಳಲ್ಲಿ ಬೆಂಗಳೂರೂ ಸೇರಿದಂತೆ ರಾಜ್ಯದ ಮಹಾನಗರಪಾಲಿಕೆಗಳ ನೌಕರರು ಮುಷ್ಕರ ಹೂಡಿದಾಗ ಅವರ ಬೇಡಿಕೆಗಳಲ್ಲಿ ಮುಖ್ಯವಾದುದು ಇದೇ: ಆಯೋಗದ ಫಲ ತಮಗೂ ದೊರೆಯಬೇಕು, ಅದರ ಹೊರೆಯನ್ನು ಸರ್ಕಾರ ಹೊರಬೇಕು. ಪಾಲಿಕೆಯು ತನ್ನ ಕಾಲ ಮೇಲೆ ನಿಲ್ಲಬಲ್ಲುದೆಂಬ ನಂಬಿಕೆ ಅದರ ನೌಕರರಿಗೇ ಇಲ್ಲವೆಂಬುದನ್ನು ಈ ಬೇಡಿಕೆಯು ತೋರಿಸಿತು. ವಿಷಾದಪಡತಕ್ಕ ಸಂಗತಿಯಿದು.

ಗುಮಾಸ್ತನ ಸ್ಥಿತಿಯೇ ಹೀಗಾದರೆ ಕಸಬರಿಗೆ ಹಿಡಿದವರ ಸ್ಥಿತಿಯನ್ನು ಹೇಳುವುದೇನು? ಮಲವನ್ನು ತಲೆಯ ಮೇಲೆ ಹೊರಿಸುವ ಹೇಯವಾದ ಪದ್ಧತಿಯನ್ನು ನಿಲ್ಲಿಸಲು ಶ್ರೀ ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದಾಗ ಆಜ್ಞೆ ಮಾಡಿದರು. ಶ್ರೀ ಐ.ಪಿ.ಡಿ. ಸಾಲಪ್ಪನವರ ಸಮಿತಿಯು 1976ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, 500 ಜನರಿಗೆ ಒಬ್ಬ ಪೌರಕಾರ್ಮಿಕನಿರಬೇಕೆಂದು ಸಲಹೆಯಿತ್ತಿತು. ಅದಾದ ಮೇಲೆ ನಾಲ್ಕು ದಶಕಗಳು ಕಳೆದರೂ ಬೆಂಗಳೂರಿನ ಬೀದಿಗಳನ್ನು ಗುಡಿಸುತ್ತಿದ್ದವರಲ್ಲಿ ಬಹುಮಂದಿ ಗುತ್ತಿಗೆದಾರನ ಕೈಕೆಳಗಿನ ಕೂಲಿಗಳಾಗಿಯೇ ಉಳಿದರು. 2017-18ರಲ್ಲಿ ಗುತ್ತಿಗೆದಾರನ ಮಧ್ಯಸ್ಥಿಕೆ ತಪ್ಪಿ ವೇತನವು ನೇರವಾಗಿ ಅವರ ಕೈಸೇರುವ ಏರ್ಪಾಡಾಯಿತು. ಕೆಲಸ ಖಾಯಂ ಆಗಬೇಕೆಂದು ಅವರು 2022ರ ಜುಲೈ ಮೊದಲ ವಾರದಲ್ಲಿ ಕಸಬರಿಗೆಯನ್ನು ಕೆಳಗಿಟ್ಟು ಸ್ವಾತಂತ್ರ್ಯ ಉದ್ಯಾನದಲ್ಲಿ ಕುಳಿತರು. ಕಡೆಗೆ 2025ರ ಮೇ 1ರಂದು 12,692 ಮಂದಿಗೆ ನೇಮಕದ ಪತ್ರಗಳು ದೊರೆತುವು. ಸಾಲಪ್ಪನವರ ವರದಿಯ ಕಾಲದಲ್ಲಿ ಹುಟ್ಟಿದ ಮಗುವಿಗೆ ಅಷ್ಟರಲ್ಲಿ 49 ವರ್ಷ!

ಈ 49 ವರ್ಷಗಳಲ್ಲಿ ಕಾರ್ಮಿಕರು ಕೇಳಿದಾಗಲೆಲ್ಲ ದೊರೆತ ಉತ್ತರ ‘ಹಣವಿಲ್ಲ’ ಎಂಬುದು. ಹಣವಿರಲಿಲ್ಲವೆ? ಬೆಂಗಳೂರು ನಗರವು ಈ ಅವಧಿಯಲ್ಲಿಯೇ ದೇಶದ ಅತ್ಯಂತ ಧನಾಢ್ಯ ನಗರಗಳಲ್ಲೊಂದಾಗಿ ಬೆಳೆಯಿತು. ಮನೆ ನಿವೇಶನಗಳ ಬೆಲೆ ಆಕಾಶಕ್ಕೇರಿತು. ಆದರೆ ನಗರದ ಸಂಪತ್ತು ಏರಿದ ವೇಗಕ್ಕೂ ನಗರದ ಬೊಕ್ಕಸ ತುಂಬಿದ ವೇಗಕ್ಕೂ ಸಂಬಂಧವಿರಲಿಲ್ಲ. ಅಧಿಕಾರಿಯು ಬಂದು ಕಟ್ಟಡವನ್ನು ಅಳೆದು ತೆರಿಗೆ ನಿಗದಿ ಮಾಡುವ ಹಳೆಯ ಪದ್ಧತಿಯಲ್ಲಿ ಲಂಚಕ್ಕೆ ಅವಕಾಶ ಹೆಚ್ಚೆಂದು, 2000ದಲ್ಲಿ ಮಾಲಿಕನೇ ತನ್ನ ತೆರಿಗೆಯನ್ನು ಲೆಕ್ಕಹಾಕಿ ಕಟ್ಟುವ ಸ್ವಯಂಘೋಷಣೆಯ ಪದ್ಧತಿಯನ್ನು ತಂದರು. 2008ರಲ್ಲಿ ಅದನ್ನು ಕಟ್ಟಡದ ವಿಸ್ತೀರ್ಣಕ್ಕೂ ಬಡಾವಣೆಯ ದರಕ್ಕೂ ಜೋಡಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಮಾಲಿಕನ ಸತ್ಯವಚನವನ್ನೇ ಆಧಾರವಾಗಿಟ್ಟುಕೊಂಡ ಪದ್ಧತಿಯಲ್ಲಿ, ಘೋಷಿಸಿದ ಅಳತೆ ನಿಜವೋ ಅಲ್ಲವೋ ಎಂದು ಪರೀಕ್ಷಿಸುವ ಕೆಲಸವನ್ನು ಬಿಟ್ಟರೆ, ಸತ್ಯವಂತನೇ ದಂಡ ತೆತ್ತಂತಾಗುವುದು. ಮೂರು ಅಂತಸ್ತನ್ನು ಎರಡೆಂದೂ, ಅಂಗಡಿಯನ್ನು ವಾಸದ ಮನೆಯೆಂದೂ ಬರೆದುಕೊಟ್ಟವನು ಬಾಕಿದಾರರ ಪಟ್ಟಿಯಲ್ಲಿ ಸಹ ಕಾಣಿಸಿಕೊಳ್ಳನು. ಹೀಗೆ ಕಣ್ಣಿಗೆ ಕಾಣುವ ಬಾಕಿಯ ಹಿಂದೆ ಕಣ್ಣಿಗೆ ಕಾಣದ ಬಾಕಿಯೊಂದಿದೆ.

ಮನಸ್ಸು ಮಾಡಿದರೆ ಹಣ ಬರುವುದೆಂಬುದಕ್ಕೂ ಇದೇ ನಗರ ನಿದರ್ಶನ. ಬೃಹತ್ ಬೆಂಗಳೂರು ಮಹಾನಗರಪಾಲಿಕೆಯು 2023-24ರಲ್ಲಿ ಸುಮಾರು 3,900 ಕೋಟಿ ರೂಪಾಯಿಗಳಷ್ಟು ಆಸ್ತಿ ತೆರಿಗೆಯನ್ನು ಕೂಡಿಸಿತ್ತು. 2024-25ರಲ್ಲಿ ಅದು ಸುಮಾರು 4,900 ಕೋಟಿಗೆ ಏರಿತು. ಒಂದೇ ವರ್ಷದಲ್ಲಿ ಸಾವಿರ ಕೋಟಿಯಷ್ಟು ಹೆಚ್ಚಾದುದು ಭೂಮಿಯಿಂದ ಉದ್ಭವಿಸಿದ ನಿಧಿಯಲ್ಲ. ಕೊಡಬೇಕಾದವರ ಬಳಿಯಲ್ಲಿಯೇ ಇದ್ದ ಹಣ. ಮಲ್ಲೇಶ್ವರದ ಒಂದು ಬೃಹತ್ ವ್ಯಾಪಾರ ಮಳಿಗೆಗೆ ತೆರಿಗೆಯ ಬಾಕಿಗಾಗಿ 2021ರಿಂದ 2024ರ ನಡುವೆ ಒಂದಕ್ಕಿಂತ ಹೆಚ್ಚು ಬಾರಿ ಪಾಲಿಕೆಯು ಬೀಗ ಹಾಕಿಸಬೇಕಾಯಿತು. ಅದರ ಮುಂದಿನ ರಸ್ತೆಯನ್ನು ಪ್ರತಿ ಮುಂಜಾವಿನಲ್ಲಿ ಗುಡಿಸುತ್ತಿದ್ದವರು ಯಾವ ಬೀಗವನ್ನೂ ಹಾಕದೆ ತಮ್ಮ ಕೆಲಸವನ್ನು ಮಾಡುತ್ತಿದ್ದರು. ಅವರ ವೇತನ ತಡವಾದರೆ ವಿಚಾರಿಸುವವರಿರಲಿಲ್ಲ. ಮಳಿಗೆಯ ತೆರಿಗೆ ತಡವಾದರೆ ಕಂತುಗಳ ಮಾತುಕತೆ! ವಾಸ್ತವವಾಗಿ ನೋಡಿದರೆ, ಕಂದಾಯವನ್ನು ತಡೆಹಿಡಿದ ಶ್ರೀಮಂತನು ಕಸ ಗುಡಿಸುವ ಬಡವಿಯಿಂದ ಅವಳಿಗೆ ತಿಳಿಯದಂತೆ, ಬಡ್ಡಿಯಿಲ್ಲದೆ ಸಾಲ ಪಡೆದಿರುತ್ತಾನೆ.

ಈ ಸಾಲವನ್ನು ಮನ್ನಾ ಮಾಡುವ ಉದಾರತೆಯೂ ನಮ್ಮಲ್ಲಿ ಬೆಳೆದಿದೆ. 2024ರಲ್ಲಿ ಬೆಂಗಳೂರಿನ ಬಾಕಿದಾರರಿಗೆ ಬಡ್ಡಿಯನ್ನು ಬಿಟ್ಟು, ದಂಡವನ್ನು ಅರ್ಧಕ್ಕಿಳಿಸಿ, ಒಂದೇ ಬಾರಿಗೆ ಲೆಕ್ಕ ತೀರಿಸಿಕೊಳ್ಳುವ ಅವಕಾಶವನ್ನು ಕೊಟ್ಟರು. ಗಡುವನ್ನು ನವೆಂಬರಿನ ಕೊನೆಯವರೆಗೂ ಬೆಳೆಸಿದರು. ತಿಳಿಯದೆ ತಪ್ಪು ಮಾಡಿದ ಸಣ್ಣ ಮನೆಯವನಿಗೆ ಇದರಿಂದ ಉಪಕಾರವಾದುದನ್ನು ನಾವು ಅಲ್ಲಗಳೆಯುವುದಿಲ್ಲ. ಒಮ್ಮೆ ಕೊಟ್ಟ ಕ್ಷಮೆ ದಯೆಯೆನಿಸುವುದು. ಮೇಲಿಂದ ಮೇಲೆ ಕೊಟ್ಟರೆ ಅದು ವಾಡಿಕೆಯಾಗುವುದು. ಸಾಲುನಿಂತು ಏಪ್ರಿಲ್ ತಿಂಗಳಲ್ಲಿಯೇ ಕಂದಾಯ ಕಟ್ಟಿ ಶೇಕಡ 5ರ ರಿಯಾಯಿತಿ ಪಡೆದ ನಿವೃತ್ತ ಉಪಾಧ್ಯಾಯನು, ಹತ್ತು ವರ್ಷ ಕಟ್ಟದೆ ಕುಳಿತವನಿಗೆ ಅದಕ್ಕಿಂತಲೂ ದೊಡ್ಡ ರಿಯಾಯಿತಿ ದೊರೆತುದನ್ನು ಕಂಡು ಏನೆಂದುಕೊಳ್ಳಬೇಕು?

ಬಾಕಿದಾರರಲ್ಲಿ ಖಾಸಗಿಯವರು ಮಾತ್ರವಿರುವರೆಂದು ತಿಳಿಯಬಾರದು. ಸಂವಿಧಾನದ 285ನೆಯ ಅನುಚ್ಛೇದವು ಕೇಂದ್ರ ಸರ್ಕಾರದ ಸ್ವತ್ತಿಗೆ ತೆರಿಗೆಯಿಂದ ವಿನಾಯಿತಿಯಿತ್ತಿದೆ. ಆದರೆ ರಸ್ತೆ, ದೀಪ, ಚರಂಡಿಗಳ ಉಪಯೋಗವನ್ನು ಆ ಕಟ್ಟಡಗಳೂ ಪಡೆಯುವುದರಿಂದ, ಪಡೆದ ಸೌಕರ್ಯಕ್ಕೆ ತಕ್ಕಂತೆ ಆಸ್ತಿ ತೆರಿಗೆಯ ಶೇಕಡ 75, 50 ಅಥವಾ ಮೂರನೆಯ ಒಂದು ಪಾಲಿನಷ್ಟು ಸೇವಾಶುಲ್ಕವನ್ನು ಕೊಡತಕ್ಕುದೆಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಇತ್ಯರ್ಥವಾಗಿದೆ. ಇದನ್ನು ಕೇಳಿ ಪಡೆಯುವ ಧೈರ್ಯ ಪಾಲಿಕೆಗಳಿಗಿರಬೇಕು. ಹಾಗೆಯೇ ತನ್ನ ಕೈ ಶುದ್ಧವಾಗಿರಬೇಕು. ಆಸ್ತಿ ತೆರಿಗೆಯೊಡನೆ ಗ್ರಂಥಾಲಯಗಳಿಗಾಗಿ ಶೇಕಡ 6ರಂತೆ ಜನರಿಂದ ಕೂಡಿಸಿದ ಕರವನ್ನು ಪೂರ್ತಿಯಾಗಿ ಒಪ್ಪಿಸದೆ ಬೆಂಗಳೂರಿನ ಪಾಲಿಕೆಯೇ ಬಹುಕಾಲ ಬಾಕಿದಾರನಾಗಿತ್ತೆಂಬುದನ್ನು ಮರೆಯಲಾಗದು.

ಇನ್ನು ಒಂದು ಎಚ್ಚರಿಕೆಯ ಮಾತು. ‘ಬಾಕಿಯನ್ನೆಲ್ಲ ವಸೂಲು ಮಾಡಿರಿ, ವೇತನವನ್ನು ಹೆಚ್ಚಿಸಿರಿ’ ಎಂದು ಸುಲಭವಾಗಿ ಹೇಳಿಬಿಡುವ ಸ್ನೇಹಿತರು ಒಂದು ವಿಷಯವನ್ನು ಗಮನಿಸುವುದಿಲ್ಲ. ಬಾಕಿ ಒಮ್ಮೆ ಬರುವ ಹಣ. ವೇತನ ತಿಂಗಳು ತಿಂಗಳಿಗೂ ಕೊಡಬೇಕಾದ ಹಣ. ಒಂದು ಊರಿನಲ್ಲಿ 10 ಕೋಟಿ ಹಳೆಯ ಬಾಕಿ ವಸೂಲಾಯಿತೆಂದೂ, ವೇತನ ಹೆಚ್ಚಿಸಿದುದರ ಹೊರೆ ವರ್ಷಕ್ಕೆ 10 ಕೋಟಿಯೆಂದೂ ಇಟ್ಟುಕೊಳ್ಳೋಣ. ಮೊದಲನೆಯ ವರ್ಷ ಲೆಕ್ಕ ಸರಿಯಾಗುವುದು. ಎರಡನೆಯ ವರ್ಷ? ಬಾಕಿ ತೀರಿರುವುದು, ವೇತನ ನಿಂತಿರುವುದು. ಆದುದರಿಂದ ಹಳೆಯ ಬಾಕಿಯಿಂದ ಬಂದ ಹಣವನ್ನು ಒಮ್ಮೆ ಮಾಡಿ ಮುಗಿಸುವ ಕೆಲಸಗಳಿಗೆ ಮೀಸಲಿಡತಕ್ಕುದು: ನೌಕರರ ಭವಿಷ್ಯನಿಧಿಗೆ ತುಂಬದೆ ಬಿಟ್ಟುದನ್ನು ತುಂಬುವುದು, ನಿವೃತ್ತರಿಗೆ ಕೊಡಬೇಕಾದುದನ್ನು ಕೊಡುವುದು, ಗುಡಿಸುವ ಹೆಂಗಸರಿಗೆ ವಿಶ್ರಾಂತಿಯ ಕೊಠಡಿಯನ್ನೂ ಶೌಚಗೃಹವನ್ನೂ ಕಟ್ಟುವುದು. ವೇತನದ ಏರಿಕೆಗೆ ಆಧಾರವಾಗಬೇಕಾದುದು ಆಯಾ ವರ್ಷದ ತೆರಿಗೆ ಆಯಾ ವರ್ಷವೇ ಬರುವಂತೆ ಮಾಡಿ, ತಪ್ಪು ಘೋಷಣೆಗಳನ್ನು ಹುಡುಕಿ ತಿದ್ದಿ, ಪಟ್ಟಿಯ ಹೊರಗುಳಿದ ಕಟ್ಟಡಗಳನ್ನು ಒಳಕ್ಕೆ ತಂದು ಸಂಪಾದಿಸಿದ ಸ್ಥಿರವಾದ ಆದಾಯ. ಇಷ್ಟನ್ನು ಮಾಡದೆ ತೆರಿಗೆಯ ದರವನ್ನೇ ಏರಿಸಲು ಹೊರಟರೆ, ಕಟ್ಟುವವನ ಬೆನ್ನಿನ ಮೇಲೆಯೇ ಇನ್ನೊಂದು ಮೂಟೆಯನ್ನು ಹೇರಿದಂತೆ.

ತೆರಿಗೆ ತೆರುವವರ ಆಕ್ಷೇಪವನ್ನೂ ಕೇಳಬೇಕು. ‘ಬೀದಿಯಲ್ಲಿ ಕಸ ಕೊಳೆಯುತ್ತಿದೆ, ರಸ್ತೆಯಲ್ಲಿ ಗುಂಡಿ ಬಿದ್ದಿದೆ, ನಾವೇಕೆ ಕೊಡಬೇಕು?’ ಎಂದು ಅವರು ಕೇಳುವುದು ನಿಷ್ಕಾರಣವಲ್ಲ. ಆದರೆ ಕೊಡದಿದ್ದರೆ ಗುಂಡಿ ಮುಚ್ಚುವುದೆ? ಅವರ ಕೋಪಕ್ಕೆ ಸರಿಯಾದ ದಾರಿಯೆಂದರೆ ಕೊಟ್ಟು ಲೆಕ್ಕ ಕೇಳುವುದು. ಕೊಡದವನಿಗೆ ಲೆಕ್ಕ ಕೇಳುವ ಬಾಯಿಯಿಲ್ಲ. ನೌಕರರಿಗೂ ನಮ್ಮದೊಂದು ಬಿನ್ನಹವಿದೆ. ಕಂದಾಯದ ವಸೂಲಿಯು ಅವರ ಸಹೋದ್ಯೋಗಿಗಳ ಕೈಯಲ್ಲಿಯೇ ಇರುವುದು. ಅಳತೆಯ ಪಟ್ಟಿಯನ್ನು ಹಿಡಿದವನು ಕಣ್ಣು ಮುಚ್ಚಿಕೊಂಡರೆ ಕಸಬರಿಗೆಯನ್ನು ಹಿಡಿದವಳ ಅನ್ನಕ್ಕೆ ಕಲ್ಲು ಬೀಳುವುದೆಂಬುದನ್ನು ನೌಕರರ ಸಂಘಗಳು ತಮ್ಮವರಿಗೆ ತಾವೇ ತಿಳಿಸಿಹೇಳಬೇಕು.

ನಗರಸಭೆಯನ್ನು ನಮ್ಮ ರಾಷ್ಟ್ರನಾಯಕರು ಅಲ್ಪವೆಂದು ಎಣಿಸಿದವರಲ್ಲ. ರಿಪನ್ ಪ್ರಭುವಿನ 1882ರ ನಿರ್ಣಯದಿಂದ ತೆರೆದ ಆ ಕಿರಿದಾದ ಬಾಗಿಲಿನಿಂದಲೇ ಅವರು ಸ್ವರಾಜ್ಯದ ಮಂದಿರವನ್ನು ಪ್ರವೇಶಿಸಿದರು. ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲರು, ಅಲಹಾಬಾದಿನಲ್ಲಿ ಜವಾಹರಲಾಲರು, ಪಾಟ್ನಾದಲ್ಲಿ ರಾಜೇಂದ್ರಪ್ರಸಾದರು ಪುರಸಭೆಗಳ ಅಧ್ಯಕ್ಷತೆಯನ್ನು ವಹಿಸಿದರು. 1924ರಲ್ಲಿ ಚಿತ್ತರಂಜನದಾಸರು ಕಲ್ಕತ್ತೆಯ ಮೇಯರಾದಾಗ ಮುಖ್ಯಾಧಿಕಾರಿಯಾಗಿ ನೇಮಕಗೊಂಡ ಸುಭಾಷಚಂದ್ರ ಬೋಸರು ತಮಗೆ ಸಲ್ಲುತ್ತಿದ್ದ 3,000 ರೂಪಾಯಿಗಳ ವೇತನದಲ್ಲಿ 1,500ನ್ನು ಮಾತ್ರ ಸ್ವೀಕರಿಸಿದರು. ತ್ಯಾಗವನ್ನು ಮೇಲಿನಿಂದ ಆರಂಭಿಸಬೇಕೆಂಬುದು ಆ ಕಾಲದ ಧರ್ಮವಾಗಿತ್ತು. ತ್ಯಾಗದ ಉಪದೇಶವನ್ನು ಕೆಳಗಿನವರಿಗೆ ಮಾಡಿ, ಬಾಕಿಯ ಮನ್ನಾವನ್ನು ಮೇಲಿನವರಿಗೆ ಕೊಡುವುದು ಯಾವ ಧರ್ಮ?

ಕಡೆಯದಾಗಿ, ಈ ಎರಡು ಪತ್ರಗಳನ್ನು ತೂಗಿನೋಡಲು ಸಭೆಯೇ ಇರಬೇಕಷ್ಟೆ. ಪೌರಸಂಸ್ಥೆಯ ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 74ನೆಯ ತಿದ್ದುಪಡಿಯು ವಿಧಿಸಿದೆ. ಆದರೂ ಬೆಂಗಳೂರಿನ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಬಳಿಕ, 2025ರ ಸೆಪ್ಟೆಂಬರಿನಲ್ಲಿ ನಗರವು ಐದು ಪಾಲಿಕೆಗಳಾಗಿ ಒಡೆಯುವವರೆಗೂ ಆಡಳಿತಾಧಿಕಾರಿಯೇ ಸಭೆಯ ಸ್ಥಾನದಲ್ಲಿದ್ದನು. ಐದು ವರ್ಷ ಆಯವ್ಯಯವು ಜನರ ಪ್ರತಿನಿಧಿಗಳ ಬಾಯಿಂದ ಒಂದು ಮಾತನ್ನೂ ಕೇಳದೆ ಮಂಜೂರಾಯಿತು. ಐದು ಪಾಲಿಕೆಗಳಾದ ಮಾತ್ರಕ್ಕೆ ಬೊಕ್ಕಸಗಳು ತುಂಬಲಾರವು. ಪ್ರತಿಯೊಂದು ಪಾಲಿಕೆಯ ಚುನಾಯಿತ ಸಭೆಯೂ ತನ್ನ ಮೊದಲನೆಯ ಆಯವ್ಯಯದ ದಿನ ವಾರ್ಡಿನ ದೊಡ್ಡ ಬಾಕಿದಾರರ ಪಟ್ಟಿಯನ್ನು ಬಹಿರಂಗವಾಗಿ ಓದಲಿ. ಅನಂತರ ಪೌರಕಾರ್ಮಿಕರ ವೇತನದ ಪಟ್ಟಿಯನ್ನು ಓದಲಿ. ಎರಡನ್ನೂ ಒಂದೇ ಸಭೆಯಲ್ಲಿ, ಒಬ್ಬನೇ ಸದಸ್ಯನ ಬಾಯಿಂದ ಕೇಳಿದ ಮೇಲೆ, ಹಣವಿಲ್ಲವೆಂದು ಹೇಳುವ ಎದೆ ಯಾರಿಗಿರುವುದೋ ನೋಡೋಣ.