ಖಡ್ಗಕ್ಕೂ ತುಕ್ಕು ಹಿಡಿಯಬೇಕು

ಪುಣೆಯ ಬಿಬವೇವಾಡಿಯಲ್ಲಿ ಮನೆ ಮಾಡಿದವರಿಗೆ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್ ಪಕ್ಕದ ಬೀದಿಯಿದ್ದ ಹಾಗೆ. ದಸರೆಯ ಹಿಂದಿನ ದಿನ ಅಲ್ಲಿನ ಹೂವಿನ ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಚೆಂಡುಹೂವಿಗೆ ಗಂಟೆಗೊಂದು ದರ. ಹಬ್ಬ ಮುಗಿದ ಮರುದಿನ ಮಿಕ್ಕ ರಾಶಿಯನ್ನು ಕೇಳುವವರಿಲ್ಲ. ಈರುಳ್ಳಿ ಚೀಲಗಳು ಮಾತ್ರ ಆರಾಮಾಗಿ ಕೂತಿರುತ್ತವೆ. ದರ ಏರಲಿ ಎಂದು ಕಾಯುವ ತಾಕತ್ತು ಅವಕ್ಕಿದೆ. ಕೊತ್ತಂಬರಿಗೆ ಆ ಭಾಗ್ಯವಿಲ್ಲ. ಯಾವ ಸರಕು ಎಷ್ಟು ಬೇಗ ಕೆಡುತ್ತದೆ ಎಂಬುದರ ಮೇಲೆ ರೈತ, ಅಡತಿಯವ, ಹಮಾಲ, ಟೆಂಪೊದವ ಎಲ್ಲರ ಲೆಕ್ಕಾಚಾರವೂ ನಿಂತಿದೆ. ಆನ್‌ಲೈನ್ ಮಾಯಾಲೋಕ ಕಟ್ಟಲು ಹೊರಟವರು ಕಲಿಯಬೇಕಾದ ಮೊದಲ ಪಾಠ ಇಲ್ಲಿದೆ ಎಂಬುದು ನನ್ನ ವಾದ.

ಪಬ್‌ಜಿಯಂಥ ಗುಂಡಿನ ಕಾಳಗದ ಮಾತಲ್ಲ ಇದು. ಸಾವಿರಾರು ಮಂದಿ ಒಂದೇ ಲೋಕಕ್ಕೆ ಹೊಕ್ಕು ಕಮ್ಮಾರ, ಮಾಂತ್ರಿಕ, ದರೋಡೆಕೋರ ಏನು ಬೇಕಾದರೂ ಆಗುವ ರೋಲ್ ಪ್ಲೇಯಿಂಗ್ ಆಟ. ಅದರಲ್ಲೂ ಕಥೆಯನ್ನು ಕಂಪನಿ ಬರೆದಿಡದೆ ಆಟಗಾರರೇ ನಡೆಸಿಕೊಂಡು ಹೋಗುವ ಬಗೆ. ಬರ್ಲಿನ್ನಿನ ಸ್ಯಾಂಡ್‌ಬಾಕ್ಸ್ ಇಂಟರಾಕ್ಟಿವ್ 2017ರಲ್ಲಿ ಬಿಡುಗಡೆ ಮಾಡಿದ ‘ಆಲ್ಬಿಯನ್ ಆನ್‌ಲೈನ್’ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಕತ್ತಿ, ಕವಚ, ಕುದುರೆ ಬಹುಪಾಲು ಆಟಗಾರರೇ ತಯಾರಿಸಿದ್ದು. ರಾಕ್ಷಸ ಸತ್ತಾಗ ಬೀಳುವ ಕತ್ತಿ ಕೂಡ ಯಾವನೋ ಕಮ್ಮಾರ ಕೇರ್ಲಿಯನ್ ಪಟ್ಟಣದ ಕಾಳಸಂತೆಗೆ ಮಾರಿದ್ದೇ. ಊರೂರಿಗೂ ಬೇರೆ ಬೇರೆ ಮಾರುಕಟ್ಟೆ, ಬೇರೆ ಬೇರೆ ದರ. ಹಾಗಾಗಿ ಸರಕು ಸಾಗಿಸುವವನಿಗೆ ಕೆಲಸ, ಅವನನ್ನು ದಾರಿಯಲ್ಲಿ ತಡೆಯುವವನಿಗೂ ಕೆಲಸ. ಬಳಸಿದಷ್ಟೂ ಆಯುಧ ಸವೆಯುತ್ತದೆ. ಅಪಾಯದ ಸೀಮೆಯಲ್ಲಿ ಸತ್ತರೆ ಮೈಮೇಲಿದ್ದದ್ದೆಲ್ಲ ಹೋಗುತ್ತದೆ. ಕ್ರೂರ ಅನ್ನಿಸಬಹುದು. ಆದರೆ ಏನೂ ಕೆಡದ ಲೋಕದಲ್ಲಿ ಕಮ್ಮಾರನ ಎರಡನೆಯ ಕತ್ತಿಯನ್ನು ಕೊಳ್ಳುವವರಾರು?

ನಿಯಮದಲ್ಲಿ ಸಣ್ಣ ತೂತಿದ್ದರೂ ಆಟಗಾರರು ಅದನ್ನು ಹುಡುಕದೆ ಬಿಡುವುದಿಲ್ಲ. 1986ರಲ್ಲಿ ಲ್ಯೂಕಾಸ್‌ಫಿಲ್ಮ್ ಕಾಮೊಡೋರ್ 64 ಕಂಪ್ಯೂಟರಿಗೆಂದು ಕಟ್ಟಿದ ‘ಹ್ಯಾಬಿಟಾಟ್’ ಲೋಕದಲ್ಲಿ ಒಂದು ಯಂತ್ರ ಗೊಂಬೆಯನ್ನು 75 ಟೋಕನ್‌ಗೆ ಮಾರುತ್ತಿತ್ತು. ಊರಿನ ಇನ್ನೊಂದು ತುದಿಯ ಗಿರವಿ ಯಂತ್ರ ಅದೇ ಗೊಂಬೆಗೆ 100 ಕೊಡುತ್ತಿತ್ತು. ಸ್ಫಟಿಕದ ಗೋಳ 18,000ಕ್ಕೆ ಸಿಕ್ಕು 30,000ಕ್ಕೆ ಹೋಗುತ್ತಿತ್ತು. ಕೆಲವರು ರಾತ್ರಿಯಿಡೀ ಗೊಂಬೆ ಹೊತ್ತರು, ಆ ದುಡ್ಡಿನಲ್ಲಿ ಗೋಳ ಹೊತ್ತರು. ಬೆಳಗಾಗುವಷ್ಟರಲ್ಲಿ ಇಡೀ ಲೋಕದ ಹಣ ಐದು ಪಟ್ಟಾಗಿತ್ತು. ತಮಾಷೆಯೆಂದರೆ ಆ ಹೊಸ ಸಾಹುಕಾರರು ಅದೇ ದುಡ್ಡಿನಲ್ಲಿ ಉಳಿದವರಿಗೆ ನಿಧಿ ಹುಡುಕುವ ಆಟಗಳನ್ನು ಏರ್ಪಡಿಸಿದರು. ಅದು ಯಾವ ಯೋಜನೆಯಲ್ಲೂ ಇರಲಿಲ್ಲ. 1997ರ ‘ಅಲ್ಟಿಮಾ ಆನ್‌ಲೈನ್’ನಲ್ಲಿ ಹುಲ್ಲು, ಮೊಲ, ತೋಳಗಳ ನಡುವೆ ನಿಜವಾದ ಆಹಾರ ಸರಪಳಿ ಕಟ್ಟಲು ವಿನ್ಯಾಸಕ ರಾಫ್ ಕೋಸ್ಟರ್ ಮತ್ತು ಸಂಗಡಿಗರು ಹೆಣಗಿದರು. ಆಟಗಾರರು ಅಲ್ಲಾಡಿದ್ದನ್ನೆಲ್ಲ ಕೊಂದುಹಾಕಿದರು. ಸರಪಳಿಯನ್ನೇ ಕಿತ್ತುಹಾಕಬೇಕಾಯಿತು.

ಸರಕಿನ ಲೆಕ್ಕವನ್ನು ಹೇಗಾದರೂ ತಿದ್ದಬಹುದು; ಮಂದಿ ಒಗ್ಗೂಡುವ ಬಗೆಯನ್ನು ಮೊದಲೇ ಬರೆದಿಡಲಾಗದು. ಪುಣೆಯ ಹಮಾಲರು 1950ರ ದಶಕದಲ್ಲಿ ಬಾಬಾ ಆಢಾವರ ಮುಂದಾಳತ್ವದಲ್ಲಿ ಹಮಾಲ್ ಪಂಚಾಯತ್ ಕಟ್ಟಿಕೊಂಡರು. ಮುಂದೆ ಅದೇ ಸಂಘಟನೆ ‘ಕಷ್ಟಾಚಿ ಭಾಕರ್’ ಎಂಬ ಅಗ್ಗದ ಊಟದ ಕೇಂದ್ರಗಳನ್ನು ನಡೆಸಿತು. 1969ರಲ್ಲಿ ಮಹಾರಾಷ್ಟ್ರಕ್ಕೆ ಹೊರೆ ಹೊರುವವರ ಹಿತ ಕಾಯುವ ಮಾಥಾಡಿ ಕಾನೂನೂ ಬಂತು. ಮಾರುಕಟ್ಟೆಯ ನಕ್ಷೆ ಬರೆದ ಎಂಜಿನಿಯರನ ಹಾಳೆಯಲ್ಲಿ ಇದಾವುದಕ್ಕೂ ಜಾಗವಿದ್ದಿರಲಾರದು. ಆಟದಲ್ಲಿ ಇಂಥ ಸಂಘಟನೆಗೆ ಗಿಲ್ಡ್ ಅನ್ನುತ್ತಾರೆ. ಆದರೆ ಬಹಳಷ್ಟು ಆಟಗಳಲ್ಲಿ ಗಿಲ್ಡ್ ಎಂದರೆ ಯುದ್ಧಕ್ಕೆ ಹೋಗುವ ದಂಡು ಮಾತ್ರ. ಸಾಲ ಕೊಡುವ, ಕೂಲಿ ಗೊತ್ತುಮಾಡುವ, ಹೊರೆ ಇಳಿಸಿ ಮುಷ್ಕರ ಹೂಡುವ ಗಿಲ್ಡಿಗೆ ಬೇಕಾದ ಸಲಕರಣೆ ಕೊಟ್ಟರೆ ಏನಾದೀತು ಎಂಬ ಕುತೂಹಲ ನನಗೆ.

ಈ ಪ್ರಶ್ನೆಯನ್ನು ಪುಣೆಯಲ್ಲೇ ಕೇಳಬೇಕು, ಯಾಕೆಂದರೆ ಆಟ ಕಟ್ಟುವ ಕಸುಬು ಈ ಊರಿಗೆ ಹೊಸದಲ್ಲ. ನಾಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ‘ರಾಜಿ’ ತಂದರು: ತಮ್ಮನನ್ನು ಹುಡುಕಿಕೊಂಡು ಅಸುರರ ಮೇಲೆ ಬೀಳುವ ಹುಡುಗಿಯ ಕಥೆ, ಕಣ್ಣು ತುಂಬುವ ಅರಮನೆ, ಭಿತ್ತಿಚಿತ್ರ. ಸೂಪರ್‌ಗೇಮಿಂಗ್‌ನ ಗುಂಡಿನ ಕಾಳಗದ ಆಟ ‘ಇಂಡಸ್’ 2024ರಲ್ಲಿ ಬಂತು. ಒಂದರಲ್ಲಿ ಕಥೆ ಮೊದಲೇ ಬರೆದದ್ದು, ಇನ್ನೊಂದರಲ್ಲಿ ಪಂದ್ಯ ಮುಗಿದರೆ ಎಲ್ಲ ಮುಗಿಯಿತು. ಎರಡರಲ್ಲೂ ಭಾರತೀಯತೆ ಕಣ್ಣಿಗೆ ಕಾಣುವ ಕಡೆಯೇ ಹೆಚ್ಚು. ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ನಮ್ಮ ಸಂತೆಯ ಚೌಕಾಸಿ, ಉದ್ರಿ ಪುಸ್ತಕ, ದಲಾಲಿಗಳು ಆಟದ ನಿಯಮವೇ ಆದರೆ ಗೋಪುರ ಬಿಡಿಸದಿದ್ದರೂ ಲೋಕ ನಮ್ಮದಾಗುತ್ತದೆ.

ಆಟದ ದುಡ್ಡನ್ನು ಮಾತ್ರ ಜೇಬಿನ ದುಡ್ಡಿಗೆ ಗಂಟು ಹಾಕಬಾರದು. ‘ಡಯಾಬ್ಲೊ 3’ರ ನಿಜ ಹಣದ ಹರಾಜುಕಟ್ಟೆ 2012ರಲ್ಲಿ ತೆರೆದು 2014ರ ಮಾರ್ಚ್‌ನಲ್ಲಿ ಮುಚ್ಚಿತು: ಕೊಂಡು ತರಬಹುದಾದ ಕತ್ತಿಗಾಗಿ ರಾಕ್ಷಸನ ಗವಿಗೆ ಹೋಗುವ ಉಮೇದು ಯಾರಿಗೆ ಉಳಿದೀತು? ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸುವ 2025ರ ಕೇಂದ್ರ ಕಾನೂನು ಬಂದ ಮೇಲಂತೂ ಇಲ್ಲಿ ಆ ದಾರಿ ಇನ್ನೂ ಇಕ್ಕಟ್ಟು.

ಬಿಬವೇವಾಡಿಯ ಅಪ್ಪರ್ ಇಂದಿರಾನಗರದಲ್ಲಿ ವಿಶ್ವಕರ್ಮ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಅಲ್ಲಿನ ಹುಡುಗ ಹುಡುಗಿಯರು ಇಂಥ ಲೋಕ ಕಟ್ಟಲು ಕೈಹಾಕುವುದಾದರೆ ಡ್ರ್ಯಾಗನ್ನಿನ ರೆಕ್ಕೆಗೆ ಬಣ್ಣ ಬಳಿಯುತ್ತ ಕೂರುವುದು ಬೇಡ. ಎರಡು ಊರು, ನಡುವೆ ಒಂದು ಘಾಟಿ, ಬೇಗ ಕೆಡುವ ಒಂದು ಸರಕು, ತಡವಾಗಿ ಕೆಡುವ ಇನ್ನೊಂದು. ಚಿತ್ರವೇ ಇಲ್ಲದೆ ಬರೀ ಅಕ್ಷರದಲ್ಲಿ ನಡೆದರೂ ಸಾಕು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ 1978ರಲ್ಲಿ ಬರೆಯತೊಡಗಿದ ‘ಮಡ್’ ಆಟದಲ್ಲಿ ಒಂದೇ ಒಂದು ಚಿತ್ರವೂ ಇರಲಿಲ್ಲ. ಅವರೂ ಆಗ ವಿದ್ಯಾರ್ಥಿಗಳೇ.